ಬರಗಾಲದಲ್ಲಿ ಅಧಿಕ ಮಾಸ, ಬಸ್‌ಸ್ಟ್ಯಾಂಡಿನಲ್ಲಿ ಮರ್ಫಿ

ಚಾಮರಾಜನಗರದ ಬಸ್‌ಸ್ಟ್ಯಾಂಡಿನಲ್ಲಿ ಸಂಜೆ ಹೊತ್ತು ಗುಂಡ್ಲುಪೇಟೆ ಬಸ್ಸಿಗೆ ಕಾಯುವವರಿಗೆಲ್ಲ ಒಂದು ನಿಯಮ ಗೊತ್ತು. ನಿಂತು ಕಾದರೆ ಬಸ್ಸು ಬರುವುದಿಲ್ಲ. ಬೇಸತ್ತು ಹೋಟೆಲಿಗೆ ಹೋಗಿ ಒಂದು ಕಾಫಿಗೆ ಹೇಳಿದಿರೋ, ಕಾಫಿ ಬರುವುದರೊಳಗೆ ಬಸ್ಸು ಬಂದು ಹೊರಟೂ ಹೋಗಿರುತ್ತದೆ. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಈ ದಾರಿಯಲ್ಲಿ ಓಡಾಡಿದ ವಿಜ್ಞಾನದ ಮೇಷ್ಟರಾದ ನಾನು ಈ ನಿಯಮವನ್ನು ನ್ಯೂಟನ್ನನ ಮೂರು ನಿಯಮಗಳ ಪಕ್ಕದಲ್ಲೇ ಇಟ್ಟುಕೊಂಡಿದ್ದೇನೆ. ನ್ಯೂಟನ್ನನದ್ದಾದರೂ ಬೆಳಕಿನ ವೇಗದ ಹತ್ತಿರ ಹೋದಾಗ ತಿದ್ದುಪಡಿ ಕೇಳುತ್ತದೆ. ಇದಕ್ಕೆ ಅದೂ ಬೇಕಾಗಿಲ್ಲ.

ಕೆಲವು ವರ್ಷದ ಹಿಂದೆ ಮಕ್ಕಳ ಪ್ರಯೋಗದ ರೆಕಾರ್ಡುಗಳನ್ನು ತಿದ್ದುತ್ತಿದ್ದೆ. ಒಬ್ಬ ಹುಡುಗನ ಪುಸ್ತಕದ ಕೊನೆಯ ಹಾಳೆಯಲ್ಲಿ ಪೆನ್ಸಿಲಿನಿಂದ ಹೀಗೆ ಬರೆದಿತ್ತು: ‘ಪ್ರಯೋಗ ಮೊದಲ ಸಲಕ್ಕೇ ಸರಿಯಾಗಿ ಬಂದರೆ ಮೀಟರ್ ಕೆಟ್ಟಿದೆ ಎಂದು ತಿಳಿಯತಕ್ಕದ್ದು.’ ಕೆಂಪು ಶಾಯಿಯಲ್ಲಿ ಗೀಟು ಹಾಕಬೇಕಾಗಿತ್ತು. ನಗು ಬಂತು. ಪಕ್ಕದಲ್ಲಿ ಸರಿ ಗುರುತು ಹಾಕಿ ಸಹಿ ಮಾಡಿಬಿಟ್ಟೆ. ಆ ಹುಡುಗನ ವಿಷಯಕ್ಕೆ ಆಮೇಲೆ ಬರುತ್ತೇನೆ.

ಇಂಥ ಮಾತುಗಳು ಈಗ ಎಲ್ಲ ಕಡೆ ಇವೆ. ಗುಂಡ್ಲುಪೇಟೆಯಲ್ಲಿ ಇವನ್ನು ಓದಲು ಗ್ರಂಥಾಲಯಕ್ಕೆ ಹೋಗಬೇಕಾಗಿಲ್ಲ, ಊಟಿ ಮತ್ತು ಕೇರಳದ ರಸ್ತೆಗಳು ಕವಲೊಡೆಯುವ ಕಡೆ ನಿಂತರೆ ಸಾಕು. ಬಂಡೀಪುರ ಕಾಡಿನೊಳಗೆ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರವನ್ನು ನಿಷೇಧಿಸಿದ್ದು 2009ರಲ್ಲಿ. ಅಂದಿನಿಂದ ತಡವಾಗಿ ಬಂದ ಲಾರಿಗಳು ಬೆಳಗಾಗುವ ತನಕ ಸಾಲಾಗಿ ನಿಂತಿರುತ್ತವೆ. ಮುಂಜಾನೆ ವಾಕಿಂಗ್ ಹೋಗುವ ನನ್ನಂಥವರಿಗೆ ಅವುಗಳ ಬೆನ್ನೇ ದಿನಪತ್ರಿಕೆ. ‘ತಾಯಿಯ ಆಶೀರ್ವಾದ’, ‘ಮಾದಪ್ಪನ ಕೃಪೆ’ ಇವು ಹಳೆಯ ಮಾತುಗಳು. ಅವುಗಳ ಕೆಳಗೇ ಹೊಸ ಬಗೆಯವು: ಸಾಲ ತೀರಿದ ದಿನ ಗಾಡಿ ಗುಜರಿಗೆ ಎನ್ನುವುದು ಒಂದು, ನಿಧಾನವಾಗಿ ಹೋಗು, ಮನೆಯಲ್ಲಿ ಕಾಯುತ್ತಿರುವುದು ಬ್ಯಾಂಕಿನವರು ಎನ್ನುವುದು ಇನ್ನೊಂದು. ಓದಿದೊಡನೆ ನಗು ಬರುತ್ತದೆ. ನಾಲ್ಕು ಹೆಜ್ಜೆ ಮುಂದೆ ಹೋದ ಮೇಲೆ, ಆ ಚಾಲಕ ಇದನ್ನು ಬರೆಸಲು ಪೇಂಟರಿಗೆ ದುಡ್ಡು ಕೊಟ್ಟಾಗ ಅವನ ಮನಸ್ಸಿನಲ್ಲಿ ಏನಿತ್ತೋ ಎಂಬ ಯೋಚನೆ ಬರುತ್ತದೆ.

ಅಜ್ಜಿಯ ಗಾದೆ, ಪಂಚಾಂಗದ ಲೆಕ್ಕ

ಇದೆಲ್ಲ ಇಂಗ್ಲಿಷಿನಿಂದ ಬಂದ ಚಾಳಿ ಎಂದು ಕೆಲವರು ಮೂಗು ಮುರಿಯುತ್ತಾರೆ. ನಾನು ಒಪ್ಪುವುದಿಲ್ಲ. ನಮ್ಮ ಗಾದೆಗಳೆಲ್ಲ ನೀತಿ ಹೇಳುವುದಕ್ಕೆ ಹುಟ್ಟಿದವಲ್ಲ. ‘ಪಾಪಿ ಸಮುದ್ರಕ್ಕೆ ಹೋದರೂ ಮೊಣಕಾಲುದ್ದ ನೀರು’ ಎಂಬ ಗಾದೆ ಏನು ಮಾಡು ಎನ್ನುತ್ತದೆ? ಏನೂ ಇಲ್ಲ. ನಿನ್ನ ಕತೆ ಇಷ್ಟೇ ಕಣಪ್ಪ ಎಂದು ಹೇಳಿ ಬೆನ್ನು ತಟ್ಟುತ್ತದೆ, ಅಷ್ಟೆ. ‘ಬರಗಾಲದಲ್ಲಿ ಅಧಿಕ ಮಾಸ’ ಎಂಬುದಂತೂ ಕಪ್ಪು ಹಾಸ್ಯದ ಮುಕುಟಮಣಿ. ಕಣಜ ಖಾಲಿಯಾಗಿರುವ ವರ್ಷವೇ ಪಂಚಾಂಗ ಹದಿಮೂರನೆಯ ತಿಂಗಳೊಂದನ್ನು ತಂದು ನಿಲ್ಲಿಸಿದರೆ ಬಡವ ಯಾರ ಮೇಲೆ ಸಿಟ್ಟಾಗಬೇಕು? ಚಂದ್ರನ ಮೇಲೆಯೇ?

ಈ ಗಾದೆಯ ಲೆಕ್ಕವನ್ನು ವಿದ್ಯಾರ್ಥಿಗಳು ಒಮ್ಮೆ ಮಾಡಿ ನೋಡಬೇಕು. ಚಾಂದ್ರಮಾನ ವರ್ಷಕ್ಕೆ ಸುಮಾರು 354 ದಿನ, ಸೌರ ವರ್ಷಕ್ಕೆ 365. ವರ್ಷಕ್ಕೆ ಹನ್ನೊಂದು ದಿನದಂತೆ ಕೂಡುತ್ತ ಬರುವ ಈ ಬಾಕಿಯನ್ನು ತೀರಿಸಲು ಸುಮಾರು 32-33 ತಿಂಗಳಿಗೊಮ್ಮೆ ಒಂದು ತಿಂಗಳನ್ನು ಸೇರಿಸುತ್ತಾರೆ. ಹತ್ತೊಂಬತ್ತು ವರ್ಷಗಳಲ್ಲಿ ಏಳು ಅಧಿಕ ಮಾಸ. ಮಳೆಗೂ ಇದಕ್ಕೂ ಯಾವ ಸಂಬಂಧವೂ ಇಲ್ಲ. ಆದರೂ ಯಾವುದೋ ಒಂದು ವರ್ಷ ಬರ ಬಿತ್ತು ಎಂದಿಟ್ಟುಕೊಳ್ಳಿ. ಅದೇ ವರ್ಷ ಅಧಿಕ ಮಾಸವೂ ಬರುವ ಸಂಭವ ಹತ್ತೊಂಬತ್ತರಲ್ಲಿ ಏಳು, ಅಂದರೆ ಮೂರರಲ್ಲಿ ಒಂದಕ್ಕಿಂತ ಹೆಚ್ಚು. ಗಾದೆ ನಿಜವಾಗಲು ಶನಿಯ ಕಾಟ ಬೇಕಾಗಿಲ್ಲ, ಸಾಮಾನ್ಯ ಗಣಿತ ಸಾಕು. ಬರವಿದ್ದೂ ಅಧಿಕ ಮಾಸ ಬಾರದ ವರ್ಷಗಳನ್ನು ಯಾರೂ ಗಾದೆ ಮಾಡಿ ನೆನಪಿಟ್ಟುಕೊಂಡಿಲ್ಲ.

2023ರಲ್ಲಿ ಈ ಗಾದೆ ಅಕ್ಷರಶಃ ನಡೆಯಿತು. ಜುಲೈ 18ರಿಂದ ಆಗಸ್ಟ್ 16ರವರೆಗೆ ಅಧಿಕ ಶ್ರಾವಣ. ಆ ಆಗಸ್ಟ್ ತಿಂಗಳಲ್ಲಿ ದೇಶದಲ್ಲಿ ಬಿದ್ದ ಮಳೆ 1901ರಿಂದೀಚೆಗಿನ ಯಾವ ಆಗಸ್ಟಿಗಿಂತಲೂ ಕಡಿಮೆ. ನಮ್ಮ ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತ ಎಂದು ಸರ್ಕಾರ ಘೋಷಿಸಬೇಕಾಯಿತು. ನಮ್ಮಜ್ಜಿ ಬದುಕಿದ್ದರೆ ‘ನಾ ಹೇಳ್ನಿಲ್ವ?’ ಎಂದು ಎಲೆಅಡಿಕೆ ಬಾಯಿಗೆ ಹಾಕಿಕೊಳ್ಳುತ್ತಿದ್ದಳು.

ಬರವಣಿಗೆಯಲ್ಲಿ ಈ ರುಚಿಯನ್ನು ಕನ್ನಡಕ್ಕೆ ಹತ್ತಿಸಿದವರೂ ಇದ್ದಾರೆ. ಬೆಂಗಳೂರಿನ ವೈದ್ಯ ಡಾ. ಎಂ. ಶಿವರಾಂ, ಅಂದರೆ ‘ರಾಶಿ’, 1942ರಲ್ಲಿ ‘ಕೊರವಂಜಿ’ ಎಂಬ ಹಾಸ್ಯ ಮಾಸಪತ್ರಿಕೆಯನ್ನು ಶುರುಮಾಡಿದರು. ಮಹಾಯುದ್ಧ, ಪಡಿತರ, ಕಾಳಸಂತೆಯ ಕಾಲ. ನಗುವಂಥದ್ದೇನೂ ಇರದಿದ್ದಾಗಲೇ ನಗೆಪತ್ರಿಕೆ ಹುಟ್ಟಿದ್ದನ್ನು ಗಮನಿಸಬೇಕು. ಆರ್.ಕೆ. ಲಕ್ಷ್ಮಣ್ ಅವರ ಆರಂಭದ ವ್ಯಂಗ್ಯಚಿತ್ರಗಳು ಬಂದದ್ದು ಅದರಲ್ಲೇ. ಅಲ್ಲಿ ಬರೆಯುತ್ತಿದ್ದ ನಾ. ಕಸ್ತೂರಿಯವರ ‘ಅನರ್ಥಕೋಶ’ ಪದಗಳಿಗೆ ಅಡ್ಡ ಅರ್ಥ ಹೇಳುವ ನಿಘಂಟು. ಅಮೆರಿಕದಲ್ಲಿ ಆಂಬ್ರೋಸ್ ಬಿಯರ್ಸ್ ಎಂಬಾತ 1911ರಲ್ಲಿ ಸೈತಾನನ ನಿಘಂಟು ಎಂಬ ಹೆಸರಿನಲ್ಲಿ ಇಂಥದ್ದನ್ನೇ ಪ್ರಕಟಿಸಿದ್ದ. ಆತ ಮುಂದೆರಡು ಮೂರು ವರ್ಷಗಳಲ್ಲಿ ಮೆಕ್ಸಿಕೋ ಕಡೆಗೆ ಹೋದವನು ತಿರುಗಿ ಬರಲೇ ಇಲ್ಲ. ಇನ್ನು ನಮ್ಮ ಬೀchi (1913-1980) ಅವರ ತಿಂಮನನ್ನು ಅರಿಯದವರು ಯಾರು? ತಮ್ಮ ಆತ್ಮಕಥೆಗೆ ಅವರು ಇಟ್ಟ ಹೆಸರು ‘ನನ್ನ ಭಯಾಗ್ರಫಿ’. ಬಯಾಗ್ರಫಿಯ ‘ಬ’ಕ್ಕೆ ಹೊಟ್ಟೆ ಸೀಳಿ ‘ಭ’ ಮಾಡಿದರೆ ಸಾಕು, ಒಂದು ಇಡೀ ಬದುಕಿನ ಸಂಕಟ ಅದರೊಳಗೆ ಬಂದು ಕೂರುತ್ತದೆ.

ರಾಕೆಟ್ ಬಂಡಿಯಿಂದ ಬಂದ ಸೂತ್ರ

ಆಧುನಿಕ ಸೂಕ್ತಿಗಳ ರಾಜ ‘ಮರ್ಫಿಯ ನಿಯಮ’. ಕೆಡುವುದಕ್ಕೆ ಸಾಧ್ಯವಿರುವುದು ಕೆಟ್ಟೇ ಕೆಡುತ್ತದೆ ಎಂಬುದು ಅದರ ಸಾರ. ಇದನ್ನು ತಮಾಷೆಗೆ ಯಾರೋ ಕಟ್ಟಿದ್ದೆಂದು ನಾನೂ ಬಹುಕಾಲ ನಂಬಿದ್ದೆ. ಮರ್ಫಿ ನಿಜವಾದ ಮನುಷ್ಯ, ಅಮೆರಿಕದ ವಾಯುಪಡೆಯ ಎಂಜಿನಿಯರ್ ಎಡ್ವರ್ಡ್ ಮರ್ಫಿ. 1949ರಲ್ಲಿ ಕ್ಯಾಲಿಫೋರ್ನಿಯಾದ ಮರುಭೂಮಿಯಲ್ಲಿ ಹಳಿಯ ಮೇಲೆ ಓಡುವ ರಾಕೆಟ್ ಬಂಡಿಯ ಪರೀಕ್ಷೆ ನಡೆಯುತ್ತಿತ್ತು. ಹಠಾತ್ತನೆ ನಿಂತಾಗ ಮನುಷ್ಯನ ದೇಹ ಎಷ್ಟು ಬಲ ತಡೆದೀತು ಎಂಬುದು ಪ್ರಶ್ನೆ. ಮರ್ಫಿ ತಂದಿದ್ದ ಸಂವೇದಕಗಳನ್ನು ಎರಡು ರೀತಿಯಲ್ಲಿ ಜೋಡಿಸಬಹುದಿತ್ತು. ಜೋಡಿಸಿದ್ದು ತಪ್ಪಾದ ರೀತಿಯಲ್ಲೇ. ಬಂಡಿ ಓಡಿತು, ಅಳತೆ ಮಾತ್ರ ಸೊನ್ನೆ. ಮರ್ಫಿ ಸಿಡುಕಿ ಆಡಿದ ಮಾತನ್ನು ತಂಡದವರು ನಿಯಮವಾಗಿಸಿದರು.

ಬಂಡಿಯಲ್ಲಿ ತಾನೇ ಕುಳಿತುಕೊಳ್ಳುತ್ತಿದ್ದವರು ಡಾ. ಜಾನ್ ಸ್ಟ್ಯಾಪ್ ಎಂಬ ವೈದ್ಯ. 1954ರ ಡಿಸೆಂಬರಿನಲ್ಲಿ ಅವರು ಗಂಟೆಗೆ ಸಾವಿರ ಕಿ.ಮೀ.ಗೂ ಹೆಚ್ಚು ವೇಗದಿಂದ ಸುಮಾರು ಒಂದೂವರೆ ಸೆಕೆಂಡಿನಲ್ಲಿ ನಿಂತರು. ದೇಹದ ಮೇಲೆ ಬಿದ್ದ ಬಲ ಭೂಗುರುತ್ವದ 46 ಪಟ್ಟು. ಕಣ್ಣೊಳಗೆ ರಕ್ತನಾಳಗಳು ಒಡೆದು ಸ್ವಲ್ಪ ಹೊತ್ತು ಏನೂ ಕಾಣಿಸಲಿಲ್ಲ. ಆದರೂ ಬದುಕಿದರು, ಬದುಕಿ 89ನೆಯ ವಯಸ್ಸಿನವರೆಗೆ ಇದ್ದರು. ಇಷ್ಟು ಅಪಾಯದ ಪರೀಕ್ಷೆಗಳಲ್ಲಿ ಯಾರೂ ಸಾಯಲಿಲ್ಲವಲ್ಲ ಎಂದು ಪತ್ರಕರ್ತರು ಕೇಳಿದಾಗ ಸ್ಟ್ಯಾಪ್ ಕೊಟ್ಟ ಉತ್ತರದ ತಾತ್ಪರ್ಯ, ನಾವು ಮರ್ಫಿಯ ನಿಯಮವನ್ನು ನಂಬುತ್ತೇವೆ ಎಂಬುದು. ಯಾವುದೆಲ್ಲ ಕೆಡಬಹುದು ಎಂದು ಮೊದಲೇ ಪಟ್ಟಿ ಮಾಡಿಕೊಂಡು ಆಮೇಲೆ ಬಂಡಿ ಹತ್ತುತ್ತಿದ್ದರು. ಅವರು ಮುಂದೆ ಕಾರುಗಳಿಗೆ ಸೀಟ್ ಬೆಲ್ಟ್ ಬೇಕೆಂದು ಹೋರಾಡಿದವರು. ನಾವು ಹಣೆಬರಹ ಎಂದು ಹೇಳಿ ನಗುವ ಮಾತು, ಹುಟ್ಟಿದಾಗ ಎಚ್ಚರಿಕೆಯ ಮಾತಾಗಿತ್ತು.

ಇದರ ಸಂತಾನ ದೊಡ್ಡದು. ಬೆಣ್ಣೆ ಸವರಿದ ಬ್ರೆಡ್ಡು ಮೇಜಿನಿಂದ ಜಾರಿದರೆ ಬೆಣ್ಣೆಯ ಕಡೆಯೇ ನೆಲಕ್ಕೆ ಎಂಬುದು ಅದರಲ್ಲೊಂದು. ಬ್ರಿಟನ್ನಿನ ರಾಬರ್ಟ್ ಮ್ಯಾಥ್ಯೂಸ್ ಇದನ್ನು ಭೌತಶಾಸ್ತ್ರದ ಪ್ರಶ್ನೆಯಾಗಿ ಎತ್ತಿಕೊಂಡು 1995ರಲ್ಲಿ ಪ್ರಬಂಧ ಬರೆದರು. ಊಟದ ಮೇಜಿನ ಎತ್ತರ ಸುಮಾರು 75 ಸೆಂ.ಮೀ. ಅಷ್ಟು ಬೀಳಲು ಬೇಕಾದ ಕಾಲ ಸುಮಾರು 0.4 ಸೆಕೆಂಡು. ಅಂಚಿನಿಂದ ಜಾರಿದ ಬ್ರೆಡ್ಡು ಆ ಕಾಲದಲ್ಲಿ ಅರ್ಧ ಸುತ್ತು ತಿರುಗುತ್ತದೆ, ಪೂರ್ತಿ ಸುತ್ತಿಗೆ ಸಮಯ ಸಾಲದು. ಮೇಲಿದ್ದದ್ದು ಕೆಳಗಾಗಲೇಬೇಕು. ಬೆಣ್ಣೆಯ ತೂಕಕ್ಕೂ ನಮ್ಮ ಗ್ರಹಚಾರಕ್ಕೂ ಇದರಲ್ಲಿ ಪಾತ್ರವಿಲ್ಲ. ಮೇಜು ಮೂರು ಮೀಟರ್ ಎತ್ತರವಿದ್ದರೆ ಬ್ರೆಡ್ಡು ಪೂರ್ತಿ ಸುತ್ತಿ ನೆಟ್ಟಗೆ ಕೂರುತ್ತಿತ್ತು, ಆದರೆ ಆ ಮೇಜಿಗೆ ಕೂರಲು ನಾವು ಜಿರಾಫೆಗಳಾಗಬೇಕು. ಆಮೇಲೆ ಅಲ್ಲಿನ ಶಾಲಾ ಮಕ್ಕಳು ಸಾವಿರಾರು ಸಲ ಬ್ರೆಡ್ಡು ಬೀಳಿಸಿ ನೋಡಿದಾಗ ಶೇ. 62ರಷ್ಟು ಸಲ ಬೆಣ್ಣೆಯ ಕಡೆಯೇ ಕೆಳಗಾಯಿತು. ಮನೆಯಲ್ಲಿ ಅಂಗೈಯಗಲದ ದಪ್ಪ ರಟ್ಟಿನಿಂದ ಮಾಡಿ ನೋಡಿ, ಬೆಣ್ಣೆ ಬೇಡ. ಅಮ್ಮನಿಗೆ ಮೊದಲೇ ಹೇಳಿರಿ.

ನಮ್ಮ ಬಸ್ಸಿನ ನಿಯಮಕ್ಕೂ ಲೆಕ್ಕವಿದೆ. ಒಂದು ಗಂಟೆಯಲ್ಲಿ ಎರಡು ಬಸ್ಸು. ಸರಾಸರಿ ಅಂತರ ಮೂವತ್ತು ನಿಮಿಷ, ಆದ್ದರಿಂದ ಸರಾಸರಿ ಹದಿನೈದು ನಿಮಿಷ ಕಾದರೆ ಸಾಕು ಎಂದು ನಾವು ಅಂದುಕೊಳ್ಳುತ್ತೇವೆ. ಆದರೆ ಬಸ್ಸುಗಳು ಸಮನಾಗಿ ಬರುವುದಿಲ್ಲವಲ್ಲ. ಒಂದು ಅಂತರ 10 ನಿಮಿಷ, ಇನ್ನೊಂದು 50 ನಿಮಿಷ ಎನ್ನೋಣ. ನೀವು ಯಾವಾಗಲೋ ಬಂದು ನಿಲ್ಲುತ್ತೀರಿ. ಆ ಉದ್ದದ ಅಂತರದೊಳಗೆ ಬಂದು ಬೀಳುವ ಸಂಭವ ಆರರಲ್ಲಿ ಐದು. ಅಲ್ಲಿ ಬಿದ್ದರೆ ಸರಾಸರಿ 25 ನಿಮಿಷ ಕಾಯಬೇಕು, ಚಿಕ್ಕದರಲ್ಲಿ ಬಿದ್ದರೆ 5. ಕೂಡಿಸಿ ನೋಡಿದರೆ ಸರಾಸರಿ ಕಾಯುವ ಹೊತ್ತು 15 ಅಲ್ಲ, 21 ನಿಮಿಷ ದಾಟುತ್ತದೆ. ನಿಮ್ಮ ದುರದೃಷ್ಟ ಅಂಕಗಣಿತದಲ್ಲೇ ಅಡಗಿದೆ. ಡಿಪೋದವರಿಗೆ ನಿಮ್ಮ ಮೇಲೆ ವೈಯಕ್ತಿಕ ದ್ವೇಷವಿಲ್ಲ.

ಕುರ್ಚಿ ನುಂಗುವ ಊರು

ಚಾಮರಾಜನಗರದವರಿಗೆ ನಮ್ಮದೇ ಆದ ಒಂದು ಮರ್ಫಿ ನಿಯಮವಿದೆ. ಇಲ್ಲಿಗೆ ಬಂದ ಮುಖ್ಯಮಂತ್ರಿಯ ಕುರ್ಚಿ ಹೋಗುತ್ತದೆ! ಹೇಳುವವರು ಬೆರಳು ಮಡಿಸುತ್ತಾರೆ: ದೇವರಾಜ ಅರಸು 1980, ಗುಂಡೂರಾವ್ 1983, ರಾಮಕೃಷ್ಣ ಹೆಗಡೆ 1988, ಎಸ್.ಆರ್. ಬೊಮ್ಮಾಯಿ 1989, ವೀರೇಂದ್ರ ಪಾಟೀಲ್ 1990. ಊರಿನ ಹಳೆಯ ಹೆಸರು ಅರಿಕುಠಾರ, ಅಂದರೆ ಶತ್ರುವಿಗೆ ಕೊಡಲಿ. ಮಹಾರಾಜರು ಹೆಸರು ಬದಲಿಸಿದರೂ ಕೊಡಲಿ ಮಾತ್ರ ಇಲ್ಲೇ ಉಳಿಯಿತು ಎಂದು ನಮ್ಮ ಸ್ಟಾಫ್ ರೂಮಿನಲ್ಲಿ ಒಬ್ಬರು ಅನ್ನುತ್ತಿದ್ದರು.

ತಮಾಷೆಯಾಗಿ ಹುಟ್ಟಿದ್ದು ನಂಬಿಕೆಯಾಯಿತು. ಹಲವು ವರ್ಷ ಮುಖ್ಯಮಂತ್ರಿಗಳು ಜಿಲ್ಲಾ ಕೇಂದ್ರದತ್ತ ಸುಳಿಯಲು ಹಿಂಜರಿದರು. ಊರಿನವರು ನಗುತ್ತ ಹೇಳುವ ಮಾತಿಗೆ ಊರೇ ಬೆಲೆ ತೆತ್ತಿತು. ರಾಜ್ಯದ ದೊರೆ ಕಾಲಿಡದ ಊರಿನ ರಸ್ತೆ, ಆಸ್ಪತ್ರೆಗಳ ಗೋಳು ಯಾರ ಕಿವಿಗೆ ಬೀಳಬೇಕು?

ನಾನು ತರಗತಿಯಲ್ಲಿ ಈ ನಿಯಮವನ್ನು ಹಲಗೆಯ ಮೇಲೆ ಹಾಕಿ ಮಕ್ಕಳಿಂದ ಲೆಕ್ಕ ಮಾಡಿಸಿದ್ದುಂಟು. 1983ರ ಜನವರಿಯಿಂದ 2013ರ ಮೇವರೆಗೆ ಮೂವತ್ತು ವರ್ಷ. ಆ ಅವಧಿಯಲ್ಲಿ ಮುಖ್ಯಮಂತ್ರಿಯಾದವರು ಹದಿಮೂರು ಮಂದಿ. ಭಾಗಿಸಿದರೆ ತಲೆಗೆ ಎರಡೂಕಾಲು ವರ್ಷದ ಆಸುಪಾಸು. ಒಂದು ಚುನಾವಣೆಯಿಂದ ಮುಂದಿನದರವರೆಗೆ ಪೂರ್ತಿ ಐದು ವರ್ಷದ ಅವಧಿ ಮುಗಿಸಿದವರು ಅವರಲ್ಲಿ ಒಬ್ಬರೂ ಇಲ್ಲ. ಹಾಗಿರುವಾಗ ಅವರು ಚಾಮರಾಜನಗರಕ್ಕೆ ಬಂದರೇನು, ಬೀದರಿಗೆ ಹೋದರೇನು? ಎಲ್ಲಿಗೆ ಹೋದರೂ ಹೋದ ಸ್ವಲ್ಪ ಕಾಲಕ್ಕೆ ಕುರ್ಚಿ ಹೋಗಲೇಬೇಕಿತ್ತು. ಬೆಂಗಳೂರಿಗೆ ಈ ಅಪವಾದ ಏಕೆ ಬರಲಿಲ್ಲ? ಅವರೆಲ್ಲರೂ ದಿನವೂ ಇದ್ದದ್ದು ಅಲ್ಲೇ ತಾನೆ? ಇದನ್ನು ಕೇಳಿದ್ದು ಹಿಂದಿನ ಬೆಂಚಿನ ಒಬ್ಬ ಹುಡುಗಿ. ನನಗೆ ಹೊಳೆದಿರಲಿಲ್ಲ.

2013ರಲ್ಲಿ ಮುಖ್ಯಮಂತ್ರಿಯಾದ ಸಿದ್ದರಾಮಯ್ಯ ಅದೇ ವರ್ಷ ಇಲ್ಲಿಗೆ ಬಂದರು, ಮತ್ತೆ ಮತ್ತೆ ಬಂದರು, 2018ರವರೆಗೆ ಐದು ವರ್ಷ ಪೂರೈಸಿದರು. 2023ರಲ್ಲಿ ಮತ್ತೊಮ್ಮೆ ಮುಖ್ಯಮಂತ್ರಿಯೂ ಆದರು. ನಿಯಮ ಸತ್ತಿತು ಎಂದುಕೊಂಡಿರಾ? ನಂಬಿದವರ ಹತ್ತಿರ ‘ಅದು ಅವರಿಗೆ ಮಾತ್ರ ತಟ್ಟುವುದಿಲ್ಲ’ ಎಂಬ ಉಪನಿಯಮ ಸಿದ್ಧವಾಗಿದೆ.

ರೈತರ ಸೂತ್ರವೊಂದು ಇದಕ್ಕಿಂತ ಗಟ್ಟಿ: ಬೆಳೆ ಇದ್ದಾಗ ಬೆಲೆ ಇಲ್ಲ, ಬೆಲೆ ಇದ್ದಾಗ ಬೆಳೆ ಇಲ್ಲ. ತೆರಕಣಾಂಬಿ, ಗುಂಡ್ಲುಪೇಟೆ ಕಡೆಯ ತರಕಾರಿ ಬೆಳೆಗಾರರ ಬಾಯಲ್ಲಿ ಇದು ನಮಸ್ಕಾರದಷ್ಟೇ ಸಹಜ. 2023ರ ಜುಲೈಯಲ್ಲಿ ಟೊಮೆಟೊ ಕೆ.ಜಿ.ಗೆ ನೂರು ರೂಪಾಯಿ ದಾಟಿತು, ಸೆಪ್ಟೆಂಬರಿನ ಹೊತ್ತಿಗೆ ನೆಲಕಚ್ಚಿತು. ಇದು ದುರದೃಷ್ಟ ಅಲ್ಲ ಎಂದು ನಾನು ಒಬ್ಬ ರೈತರಿಗೆ ವಿವರಿಸಲು ಹೋದೆ. ನಿಮ್ಮ ಹೊಲದಲ್ಲಿ ಚೆನ್ನಾಗಿ ಬಂದ ವರ್ಷ ಎಲ್ಲರ ಹೊಲದಲ್ಲೂ ಚೆನ್ನಾಗಿ ಬಂದಿರುತ್ತದೆ, ಬೆಲೆ ಏರಿದಾಗ ಎಲ್ಲರೂ ಅದನ್ನೇ ನಾಟಿ ಮಾಡುತ್ತಾರೆ ಎಂದೆ. ಅವರು ಸಾವಧಾನವಾಗಿ ಕೇಳಿ, ‘ನಿಮ್ ಸಂಬಳವೂ ಹಂಗೇ ಆಗಿದ್ರ ಚೆನ್ನಾಗಿರದು ಸಾ’ ಎಂದರು. ನನ್ನ ಹತ್ತಿರ ಉತ್ತರವಿರಲಿಲ್ಲ. ನಮ್ಮಿಬ್ಬರ ಮಾತಿನಲ್ಲಿ ಸೂಕ್ತಿ ಯಾವುದು, ಉಪನ್ಯಾಸ ಯಾವುದು ಎಂದು ಓದುಗರಿಗೇ ಗೊತ್ತಾಗುತ್ತದೆ.

ನಗು ನಿಂತಾಗ

ಗಲ್ಲಿಗೆ ಹೋಗುತ್ತಿರುವ ಕೈದಿ ‘ಸೋಮವಾರ! ವಾರ ಚೆನ್ನಾಗಿಯೇ ಶುರುವಾಯಿತು’ ಎನ್ನುವ ಕತೆಯನ್ನು ಸಿಗ್ಮಂಡ್ ಫ್ರಾಯ್ಡ್ ಉದಾಹರಿಸಿದ್ದಾನೆ. ಲೋಕ ನನ್ನನ್ನು ತುಳಿಯಬಹುದು, ಆದರೆ ಅದನ್ನು ನೋಡಿ ನಗುವ ಹಕ್ಕು ನನ್ನದೇ ಎನ್ನುವ ಗತ್ತು ಅದರಲ್ಲಿದೆ. ಪರೀಕ್ಷೆಯ ಹಾಲಿನಿಂದ ಹೊರಬಂದು ‘ನಾ ಓದಿರದ ಬುಟ್ಟು ಮಿಕ್ಕದ್ದೆಲ್ಲ ಬಂದದ ಸಾ’ ಎನ್ನುವ ನಮ್ಮ ಹುಡುಗರದ್ದೂ ಅದೇ ಗತ್ತು. ಅದು ಬೇಕು. ಗೆಳೆಯರ ನಡುವೆ ಈ ಮಾತು ಆಡಿದಾಗ, ಸೋತವನು ತಾನೊಬ್ಬನೇ ಅಲ್ಲ ಎಂದು ಎಲ್ಲರಿಗೂ ಗೊತ್ತಾಗುತ್ತದೆ.

ಆದರೆ ನಗು ತಾನಾಗಿ ನಿಂತುಹೋಗುವ ಜಾಗವೂ ಇದೆ. 2021ರ ಮೇ 2 ಮತ್ತು 3ರ ನಡುವೆ, ಒಂದೇ ದಿನದೊಳಗೆ, ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯಲ್ಲಿ ಆಮ್ಲಜನಕದ ಕೊರತೆಯ ನಡುವೆ 24 ರೋಗಿಗಳು ತೀರಿಕೊಂಡರು. ಊರಿಗೆ ಊರೇ ಮಾತು ಬಿಟ್ಟಿತು. ಎಂಥೆಂಥದಕ್ಕೋ ಸೂಕ್ತಿ ಕಟ್ಟುವ ನಮ್ಮ ಚಹಾ ಅಂಗಡಿಗಳಲ್ಲಿ ಆ ದಿನಗಳಲ್ಲಿ ಅಂಥ ಒಂದು ಮಾತೂ ನನ್ನ ಕಿವಿಗೆ ಬೀಳಲಿಲ್ಲ. ಆಗ ನನಗೆ ನೆನಪಾದದ್ದು ಮರ್ಫಿಯ ಹಳೆಯ ಅರ್ಥ. ಸಿಲಿಂಡರ್ ತೀರುತ್ತದೆ, ಲಾರಿ ತಡವಾಗುತ್ತದೆ, ಫೋನ್ ಎತ್ತುವವರು ಇರುವುದಿಲ್ಲ ಎಂದು ಮೊದಲೇ ನಂಬಿ ಎರಡನೆಯ ವ್ಯವಸ್ಥೆ ಇಟ್ಟುಕೊಳ್ಳುವುದು. ಸ್ಟ್ಯಾಪ್ ಬಂಡಿ ಹತ್ತುವ ಮೊದಲು ಮಾಡುತ್ತಿದ್ದುದು ಅದನ್ನೇ.

ಈಗ ಆ ರೆಕಾರ್ಡ್ ಪುಸ್ತಕದ ಹುಡುಗ. ಮೀಟರಿನ ಮಾತಿಗೆ ನಾನು ಸಹಿ ಹಾಕಿದ ಮೇಲೆ ಅವನಿಗೆ ಉಮೇದು ಬಂದಿತ್ತು. ವಾರಕ್ಕೊಂದು ಹೊಸದು ಬರೆದು ತೋರಿಸುತ್ತಿದ್ದ. ನಾನೂ ಸ್ಟಾಫ್ ರೂಮಿನಲ್ಲಿ ಓದಿ ಹೇಳುತ್ತಿದ್ದೆ. ಮೊದಮೊದಲು ಮೀಟರು, ಬಸ್ಸು, ಬಿಸಿಯೂಟದ ಮೇಲಿದ್ದವು. ಆಮೇಲೆ ಬಂದವೆಲ್ಲ ಅವನ ಮೇಲೆಯೇ. ‘ಕತ್ತೆಗೆ ಪಾಠ ಹೇಳಿದರೆ ಕೆಡುವುದು ಪಾಠ’ ಎಂದು ಬರೆದ. ಚೆನ್ನಾಗಿದೆ ಎಂದೆ. ಪೂರ್ವಸಿದ್ಧತಾ ಪರೀಕ್ಷೆಗೆ ಬರಲಿಲ್ಲ. ಏಕೆಂದು ಕೇಳಿ ಕಳಿಸಿದರೆ ‘ಫೇಲಾಗೋದಕ್ಕೆ ರಿಹರ್ಸಲ್ ಯಾಕೆ?’ ಎಂಬ ಉತ್ತರ ಬಂತು. ಸ್ಟಾಫ್ ರೂಮಿನಲ್ಲಿ ಎಲ್ಲರೂ ನಕ್ಕೆವು. ವಾರ ಕಳೆದರೂ ಹುಡುಗ ಬರಲಿಲ್ಲ.

ಅವನ ಮನೆಗೆ ಹೋದಾಗ ತಾಯಿ ಹೇಳಿದರು: ‘ಮನೇಲಿ ಮಾತೇ ಇಲ್ಲ ಸಾ. ಆಡುದ್ರ ಬರೀ ಇಂಥದ್ದೇ ಆಡ್ತನ, ನಾವೂ ನಗಾಡ್ಬುಟ್ಟು ಸುಮ್ನಾಯ್ತಿದ್ದೊ.’ ನಾನು ಮಾಡಿದ್ದೂ ಅದನ್ನೇ. ಗಣಿತದಲ್ಲಿ ಎಲ್ಲಿ ದಾರಿ ತಪ್ಪಿತೆಂದು ಕೇಳಿದರೆ, ಎಂಟನೆಯ ತರಗತಿಯ ಬೀಜಗಣಿತದಿಂದಲೇ ಅವನಿಗೆ ಏನೂ ಅರ್ಥವಾಗಿರಲಿಲ್ಲ. ಯಾರನ್ನೂ ಕೇಳಿರಲಿಲ್ಲ. ಅದನ್ನು ಮುಚ್ಚಿಡಲು ನಗು ಒಳ್ಳೆಯ ಪರದೆಯಾಗಿತ್ತು, ಪರದೆಗೆ ನಾನೇ ಸಹಿ ಹಾಕಿಕೊಟ್ಟಿದ್ದೆ. ಅಲ್ಲಿಂದ ಮೂರು ತಿಂಗಳು ಸಂಜೆ ಅವನನ್ನು ಕೂರಿಸಿಕೊಂಡೆ. ಮಾರ್ಚಿನ ಪರೀಕ್ಷೆಯಲ್ಲಿ ಗಣಿತ ಹೋಯಿತು, ಪೂರಕ ಪರೀಕ್ಷೆಯಲ್ಲಿ ಪಾಸಾದ. ದೊಡ್ಡ ಗೆಲುವೇನೂ ಅಲ್ಲ.

ತಂದೆತಾಯಂದಿರು ಮಕ್ಕಳ ಇಂಥ ಮಾತಿಗೆ ಗದರಬೇಕಾಗಿಲ್ಲ, ನಗಲಿ. ಆದರೆ ಮಾತು ಬಸ್ಸಿನ ಮೇಲೆ, ಮೇಷ್ಟರ ಮೇಲೆ, ಸರ್ಕಾರದ ಮೇಲೆ ಇದೆಯೋ ಅಥವಾ ತಿರುಗಿ ತಿರುಗಿ ತನ್ನ ಮೇಲೆಯೇ ಬರುತ್ತಿದೆಯೋ ಎಂದು ಕಿವಿಗೊಟ್ಟು ಕೇಳಲಿ. ಎರಡನೆಯದಾದರೆ ಪಕ್ಕದಲ್ಲಿ ಕುಳಿತು ಏನು ಅರ್ಥವಾಗುತ್ತಿಲ್ಲ ಎಂದು ಕೇಳಬೇಕು.

ಆ ಹುಡುಗ ಈಗ ಗುಂಡ್ಲುಪೇಟೆಯಲ್ಲಿ ಪಂಪ್‌ಸೆಟ್ ರಿಪೇರಿ ಅಂಗಡಿಯೊಂದರಲ್ಲಿದ್ದಾನೆ. ನಮ್ಮ ಮನೆಯ ಮೋಟಾರು ಎರಡು ಸಲ ಅವನ ಕೈಗೆ ಹೋಗಿದೆ. ಮೊನ್ನೆ ಹೋದಾಗ ಬಿಚ್ಚಿದ್ದನ್ನೆಲ್ಲ ಜೋಡಿಸಿದ ಮೇಲೂ ಒಂದು ಬೋಲ್ಟು ಅವನ ಅಂಗೈಯಲ್ಲಿ ಉಳಿದಿತ್ತು. ‘ಸಾ, ಕಂಪ್ನಿಯವ್ರು ಒಂದು ಹೆಚ್ಗೇ ಹಾಕಿರ್ತರ’ ಎಂದ. ನಾನು ನಗಲಿಲ್ಲ. ಅವನು ನನ್ನ ಮುಖ ನೋಡಿ, ಮೋಟಾರನ್ನು ಮತ್ತೆ ಬಿಚ್ಚಲು ಶುರುಮಾಡಿದ.